ಸೋಮವಾರದ ಸೌತೆಕಾಯಿ

ಆಗಸ್ಟ್ 13, ಬುಧವಾರ

ಚಪಾತಿ, ಪಲ್ಯ, ಪಾತ್ರೆ — ಮುಗಿಯುವಾಗ ಹನ್ನೊಂದು. ಈ ಮನೆಯಲ್ಲಿ ಅಡುಗೆ ಕೆಲಸದ ಟ್ರಯಲ್ ಶುರುವಾಗಿ ಹದಿನೆಂಟು ದಿನ. ಕೃಪಾ ಮೇಡಂ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದರು: "ಸೋಮವಾರ ಲಂಚಿಗೆ ನಮ್ಮ ಬಾಸ್ ಬರ್ತಿದ್ದಾರೆ. ಗ್ರೀಕ್ ಡಿಪ್ ಅಂದ್ರೆ ಅವ್ರಿಗೆ ಪ್ರಾಣ. ಅವತ್ತಿನ ಅಡುಗೆ ಸರಿಹೋದ್ರೆ ನಿಮ್ಮನ್ನ ಪರ್ಮನೆಂಟ್ ಮಾಡ್ಕೋತೀನಿ, ಮಹಾದೇವಿ."

ಸರಿಹೋಗದಿದ್ದರೆ? ನಮ್ಮ ಮನೆಯವರು ಸೊಂಟ ಹಿಡಿದು ಮೂರು ತಿಂಗಳಿಂದ ಮಲಗಿದ್ದಾರೆ. ಪಟ್ಟಂದೂರು ಅಗ್ರಹಾರದ ಈ ರೂಮು ಬಿಟ್ಟು, ಮಗಳು ಮುತ್ತುವಿನ ಐದನೇ ಕ್ಲಾಸು ನಡುವೆಯೇ ಬಿಡಿಸಿ, ಊರಿಗೆ ಹೋಗಬೇಕು.

ಆಗಸ್ಟ್ 14

ಮೇಡಂ ಆ ಡಿಪ್ಪಿನ ವಿಡಿಯೋ ತೋರಿಸಿದರು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಬೇಕು. ಸೌತೆಕಾಯಿ ತುರಿದು, ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಬೇಕು. ಹಸಿ ಬೆಳ್ಳುಳ್ಳಿ, ನಿಂಬೆಹಣ್ಣು, ಆಲಿವ್ ಎಣ್ಣೆ. ಪ್ಯಾಕೆಟ್ಟಿನಲ್ಲಿ 'ಡಿಲ್' ಎಂದು ಬಂದದ್ದು ನಮ್ಮ ಸಬ್ಬಸಿಗೆ ಸೊಪ್ಪೇ! ಇಷ್ಟಕ್ಕೆ ಎಷ್ಟು ಬಿಲ್ಡಪ್ಪು... ಕಲಸಿ ಮುಗಿಸಿದೆ. ಕೈ ತಾನಾಗಿ ಸಾಸಿವೆ ಡಬ್ಬಿಗೆ ಹೋಯಿತು.

"ಅಯ್ಯೋ, ಒಗ್ಗರಣೆ ಬೇಡ!" ಮೇಡಂ ಕೂಗಿದರು.

ಆಗಸ್ಟ್ 16, ಶನಿವಾರ

ಇವತ್ತಿನ ಡಿಪ್ ನೋಡಲು ಚೆಂದ. ಮೇಡಂ ಬಾಯಿಗಿಟ್ಟು ಸಿಂಕಿಗೆ ಉಗುಳಿದರು. ಕಹಿ. ಒಂದೇ ಸೌತೆಕಾಯಿ ಇಡೀ ಬಟ್ಟಲು ಕೆಡಿಸಿತು. ತೊಟ್ಟು ಕತ್ತರಿಸಿ ಉಜ್ಜಿ ನೊರೆ ತೆಗೆದಿದ್ದೆ, ಆದರೂ.

"ಪ್ರತಿಯೊಂದೂ ಟೇಸ್ಟ್ ನೋಡಿ ಹಾಕಿ" ಎಂದರು. ತಲೆಯಾಡಿಸಿದೆ.

ಆಗಸ್ಟ್ 17, ಸಂಜೆ 7

ನಾಳೆ ಶ್ರಾವಣದ ಕಡೇ ಸೋಮವಾರ! ಹೇಗೆ ಮರೆತೆ? ಈ ಕೆಲಸ ಕಾಯಂ ಆಗಲೆಂದೇ ಹರಕೆ ಹೊತ್ತವಳು — ನಾಲ್ಕು ಸೋಮವಾರ, ಸಂಜೆ ದೀಪ ಹಚ್ಚುವವರೆಗೆ ನೀರು ಬಿಟ್ಟು ಬೇರೇನೂ ಬಾಯಿಗಿಡುವುದಿಲ್ಲ. ಮೂರು ದಾಟಿದವು. ಚಪಾತಿ, ಪಲ್ಯ ಕೈಯಳತೆಯಲ್ಲೇ ಆಗುತ್ತವೆ, ಯಾರಿಗೂ ಗೊತ್ತಾಗಲಿಲ್ಲ. ಸೌತೆಕಾಯಿಯ ಕಹಿ ಕೈಗೆ ಹೇಗೆ ಗೊತ್ತಾಗಬೇಕು?

"ಮೇಡಂಗ ಹೇಳಿಬಿಡು" ಎಂದರು ಇವರು.

ಹೇಗೆ ಹೇಳಲಿ? ಹಿಂದಿನ ಅಡುಗೆಯವಳನ್ನು ಬಿಡಿಸಿದ್ದೇ ಉಪವಾಸ, ಪೂಜೆ ಎಂದು ಸಬೂಬು ಹೇಳುತ್ತಾಳೆ ಅಂತ.

"ಹಂಗಾರ ಒಂದ್ ಚಮಚ ನೆಕ್ಕು. ಶಿವಾ ಏನ್ ಸಿಟ್ಟಾಗ್ತಾನ?"

"ಸುಮ್ನ ಮಲಕೋರಿ" ಎಂದು ರೇಗಿದೆ. ಸಿಟ್ಟು ಇವರ ಮೇಲಲ್ಲ.

ಆಗಸ್ಟ್ 18, ಸೋಮವಾರ, 11.40

ಎರಡು ಲೀಟರ್ ಮೊಸರು ನಿನ್ನೆಯೇ ಮೇಡಂ ಫ್ರಿಜ್ಜಿನಲ್ಲಿ ಕಟ್ಟಿಟ್ಟಿದ್ದೆ. ಅರ್ಧ ಬಳಸಿದೆ. ಸೌತೆಕಾಯಿ ಮೂಸಿದೆ, ಉಜ್ಜಿದೆ. ಬಾಯಿಗೆ ಮಾತ್ರ ಇಡಲಿಲ್ಲ. ಮೇಡಂಗೆ ನೆಗಡಿ, ರುಚಿಯೇ ತಿಳಿಯುತ್ತಿಲ್ಲ.

"ಟೇಸ್ಟ್ ನೋಡಿದ್ರಾ?"

"ನೋಡೀನ್ರಿ."

ಹಸಿ ಸುಳ್ಳು. ಬಟ್ಟಲನ್ನು ಫ್ರಿಜ್ಜಿಗಿಟ್ಟೆ.

12.35

ತಡೆಯಲಾಗಲಿಲ್ಲ. ಫ್ರಿಜ್ ತೆಗೆದು ಒಂದು ಚಮಚ ಬಾಯಿಗಿಟ್ಟೆ.

ಕಹಿ.

ಶಿವನೇ, ತಪ್ಪಾಯಿತು... ಹರಕೆಯೂ ಹೋಯಿತು, ಡಿಪ್ಪೂ ಹೋಯಿತು. ಅಳು ಬಂತು. ಬಟ್ಟಲನ್ನು ಸಿಂಕಿಗೆ ಸುರಿದೆ. ಉಳಿದ ಮೊಸರು ತೆಗೆದೆ. ಸೌತೆಕಾಯಿ ಇನ್ನು ಮೂರೇ. ಮೊದಲನೆಯದನ್ನು ಕಚ್ಚಿದೆ — ಕಹಿ, ಎಸೆದೆ. ಎರಡು ಸಿಹಿ. ತುರಿದು ಉಪ್ಪು ಹಾಕಿದ್ದೇನೆ. ನೀರು ಬಿಡಲು ಹತ್ತು ನಿಮಿಷ. ಸುಮ್ಮನೆ ನಿಲ್ಲಲಾಗದೆ ಇದನ್ನು ಬರೆಯುತ್ತಿದ್ದೇನೆ. ಬಾಸ್ ಬರುವುದು ಒಂದಕ್ಕೆ.

ಮೇಡಂ ಬಂದು ಸಿಂಕ್ ನೋಡಿದರು. "ಇದ್ಯಾಕೆ ಚೆಲ್ಲಿದ್ರಿ? ಟೇಸ್ಟ್ ನೋಡಿದ್ರಲ್ವಾ?"

"ಇಲ್ರಿ ಮೇಡಂ. ಆವಾಗ ಸುಳ್ಳ ಹೇಳಿದ್ನಿ. ಇವತ್ತ ಉಪವಾಸ, ಹರಕಿ ಇತ್ರಿ... ಈ ಸೌತಿಕಾಯಿ ನೋಡೀನ್ರಿ. ಖರೇನ ನೋಡೀನ್ರಿ."

ಮೇಡಂ ಒಂದು ಕ್ಷಣ ನನ್ನ ಮುಖ ನೋಡಿ ಹಾಲ್‌ಗೆ ಹೋದರು. ಸಿಟ್ಟೋ, ಏನೋ. ಭಯವಾಗುತ್ತಿದೆ. ಹೇಳಿದ್ದಕ್ಕೆ ಮಾತ್ರ ಬೇಜಾರಿಲ್ಲ. ನಾಲಿಗೆಯ ಮೇಲೆ ಇನ್ನೂ ಕಹಿ ಇದೆ, ನೀರು ಕುಡಿದರೂ —

ಬೆಲ್. ಬಾಸೇ ಇರಬೇಕು. ಇನ್ನೂ ಒಂದಾಗಿಲ್ಲ! ಸೌತೆ ಹಿಂಡಬೇಕು —