ಕುಂಚ ಯಾವ ಕೈಯಲ್ಲಿತ್ತು

ಮಾರ್ಚ್ 9, ಸೋಮವಾರ

ಹಾಗಾದರೆ ನಮ್ಮ ಮಾಸ್ತರು ಎಡಚರೇ ಅಲ್ಲ. ಹಳೇ ಕಾಲದ ಸ್ಟುಡಿಯೋ ಫೋಟೋಗ್ರಾಫರ್ ಆದ ಅವರು ತಮ್ಮದೇ ಚಿತ್ರದಲ್ಲಿ ಫೋಟೋ ತಿದ್ದುವ ಕುಂಚವನ್ನು ಎಡಗೈಯಲ್ಲಿ ಹಿಡಿದಿದ್ದಾರೆ ಅಂತ ಮೂರು ತಿಂಗಳಿಂದ ಅವರ ಅಭಿಮಾನಿಗಳ ಗ್ರೂಪಿನಲ್ಲಿ ಡಂಗುರ ಸಾರಿದವಳು ನಾನೇ. ನಾನೂ ಎಡಚಿ ತಾನೇ, ಖುಷಿ ತಡೆಯಲಾಗಿರಲಿಲ್ಲ.

ಇವತ್ತು ನಾನು ಕೆಲಸ ಮಾಡುವ ಹಳೇ ಫೋಟೋಗಳ ಸಂಗ್ರಹದಲ್ಲಿ ಸ್ಕ್ಯಾನಿಂಗ್ ಕೋಣೆಯ ಅಕ್ಕ ಪರದೆ ನೋಡಿ ಕೇಳಿದಳು, "ಲೇ, ಅಂಗಿ ಜೇಬನ್ನ ಬಲಗಡೆ ಯಾವ ದರ್ಜಿ ಇಡ್ತಾನೆ?"

ನೆಗೆಟಿವ್ ತೆಗೆದು ನೋಡಿದೆವು. ನಮ್ಮ ಸ್ಕ್ಯಾನರಿನಲ್ಲಿ ಫಿಲ್ಮಿನ ಮಂಕು ಮೈ ಕೆಳಗಿರಬೇಕಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಹೊಳೆಯುವ ಮೈ ಕೆಳಗಿಟ್ಟು ಸ್ಕ್ಯಾನ್ ಮಾಡಿದ್ದೆ. ಎಡ ಬಲ ಅದಲುಬದಲಾಗಿತ್ತು.

"ತಿರುಗಿಸಿ ಹಾಕು, ಮುಗೀತು," ಅಂದಳು ಅಕ್ಕ.

ತಿರುಗಿಸಿದೆ. ಜೇಬು ಎಡಕ್ಕೆ ಬಂತು, ಕುಂಚ ಬಲಗೈಗೆ ಹೋಯಿತು. ಕಣ್ಣು ಕೀಳಲಾಗಲಿಲ್ಲ. ಅವರ ನಿಜವಾದ ಮುಖ ನೋಡಿದ್ದು ಇವತ್ತೇ ಮೊದಲು. ಹುಬ್ಬಿನ ಗಾಯದ ಗುರುತು ಕೂಡ ಇನ್ನೊಂದು ಕಡೆ. ಆ ಗಾಯ ಹೇಗಾಯಿತೋ?

ಗ್ರೂಪಿನವರು ಕಾಲೆಳೆಯಲಿ, ಸಹಿಸಿಕೊಳ್ಳುತ್ತೇನೆ. ಆದರೆ ಅಲ್ಲಿರುವ ಡ್ರಾಯಿಂಗ್ ಟೀಚರ್ ಈ ಚಿತ್ರವನ್ನು ಕ್ಲಾಸಿನಲ್ಲಿ ತೋರಿಸಿದ್ದಾರೆ. "ನಮ್ಮ ಎಡಚಿ ಹುಡುಗಿ ಕೈ ಬಚ್ಚಿಡೋದು ಬಿಟ್ಟಳು ಕಣಮ್ಮ," ಅಂತ ಮೊನ್ನೆ ಬರೆದಿದ್ದರು.

ನಾಳೆ ಬೆಳಿಗ್ಗೆ ಹತ್ತಕ್ಕೆ ಸರಿಯಾದ ಚಿತ್ರ ಎಲ್ಲರಿಗೂ ಕಾಣುವ ಆನ್‌ಲೈನ್ ಸಂಗ್ರಹಕ್ಕೆ ಹೋಗುತ್ತದೆ. ಅದಕ್ಕೂ ಮೊದಲು ಟೀಚರಿಗೆ ನಾನೇ ನಿಜ ಬರೆಯಬೇಕು. ಬರೆಯುತ್ತೇನೆ. ಆದರೆ ಆ ಹುಡುಗಿಗೆ ಮಾಸ್ತರ ಬದಲು ಯಾರನ್ನು ತೋರಿಸುವುದು? ತಪ್ಪು ಮಾಡಿ, ತಿದ್ದಿ, ಇದನ್ನೆಲ್ಲ ಎಡಗೈಯಲ್ಲೇ ಬರೆಯುತ್ತಿರುವ ನಾನು ಸಾಕಾಗುತ್ತೇನಾ, ಹೇಳು ನೋಡೋಣ, ಡೈರಿ?