ಪಿಲಾರಳ ಮಾತು ತಿಳಿದ ದಿನ

ನವಲಗುಂದ
೯ ಫೆಬ್ರವರಿ ೧೯೭೭

ಪ್ರೀತಿಯ ಸಾವಿತ್ರಿಗೆ, ನಿನ್ನ ಖೈರೂನ ಮಾಡುವ ಸಲಾಮು.

ನೀನು, ನಿನ್ನ ಯಜಮಾನರು, ಮಗು ಎಲ್ಲರೂ ತಂಬೂರದಲ್ಲಿ ಕ್ಷೇಮವೆಂದು ನಂಬಿದ್ದೇನೆ. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬಯ್ಯುವುದಿದ್ದರೆ ಎದುರಿಗೆ ಬಂದು ಬೈ, ಆ ನೆಪದಲ್ಲಾದರೂ ನಿನ್ನ ಮುಖ ನೋಡಿದಂತಾಗುತ್ತದೆ. ಮಗುವಿಗೆ ಕಲಘಟಗಿಯ ಬಣ್ಣದ ತೊಟ್ಟಿಲು ತಂದಿರೆಂದು ನಿನ್ನ ತಂಗಿ ಹೇಳಿದಳು. ಬಹಳ ಸಂತೋಷವಾಯಿತು.

ನನ್ನ ಸುದ್ದಿ ಕೇಳಿದರೆ ನಗುತ್ತೀ. ನಾನು ಸ್ಪ್ಯಾನಿಷ್ ಕಲಿತಿದ್ದೇನೆ! ಹೌದು, ಮೆಟ್ರಿಕ್ಕಿನಲ್ಲಿ ಇಂಗ್ಲಿಷು ಹೇಗೋ ಪಾಸಾದ ಅದೇ ಖೈರೂನ. ಕಳೆದ ಮಳೆಗಾಲದಲ್ಲಿ ಸ್ಪೇನ್ ದೇಶದ ಪಿಲಾರ ಎಂಬ ಹೆಂಗಸು ಜಮಖಾನ ನೇಯುವುದನ್ನು ಕಲಿಯಲು ನಮ್ಮ ಮನೆಗೆ ಬಂದಳು. ಅವಳ ಇಂಗ್ಲಿಷು ನನ್ನದಕ್ಕಿಂತ ಕಡೆ. ಆದರೂ ಅಮ್ಮನಿಗೂ ಅವಳಿಗೂ ನಡುವೆ ದುಭಾಷಿ ನಾನೇ.

ನಮ್ಮ ಓಣಿಯ ರಿವಾಜು ನಿನಗೆ ಗೊತ್ತು. ಮಗ್ಗದ ಕೆಲಸ ಸೊಸೆಗೆ ಕಲಿಸುತ್ತಾರೆ, ಮಗಳಿಗಲ್ಲ. ಮಗಳು ಹೋದ ಮನೆಗೆ ಕಸಬೂ ಹೋಗಿಬಿಡುತ್ತದಂತೆ. ಅಣ್ಣ ಸಿರಾಜುದ್ದೀನನಿಗೆ ಇನ್ನೂ ಮದುವೆಯಿಲ್ಲ, ಹಾಗಾಗಿ ಮಗ್ಗದಲ್ಲಿ ಅಮ್ಮನ ಬಾಜೂ ಜಾಗ ಖಾಲಿ ಇತ್ತು. ಸಾಲಿಗೆ ಹೋಗುವ ಕಾಲದಿಂದಲೂ ಆ ಜಾಗದ ಮೇಲೆ ನನ್ನ ಕಣ್ಣು. ಪಿಲಾರ ಬಂದ ದಿನವೇ ಅಲ್ಲಿ ಕಾಲು ಮಡಚಿ ಕೂತಳು.

ಒಂದು ದಿನ ಅವಳು ನನ್ನನ್ನೇ ತೋರಿಸಿ, ಈ ಮಗಳಿಗೇಕೆ ಕಲಿಸುವುದಿಲ್ಲ ಎಂದು ಅಮ್ಮನನ್ನು ಕೇಳು ಎಂದಳು. ಕೇಳಿದೆ. ಅಮ್ಮ ನೂಲಿನಿಂದ ಕಣ್ಣೆತ್ತಲಿಲ್ಲ. "ಅಕಿಗೆ ಹೇಳು, ನೀ ಸಮುದ್ರ ದಾಟಿ ಹೋಗಾಕಿ, ನಿಂದೇನೂ ಅಂಜಿಕಿಲ್ಲ. ಈಕಿ ಇಲ್ಲೇ ಅಣ್ಣಿಗೇರಿಗೆ ಸೊಸಿಯಾಗಿ ಹೋಗಾಕಿ. ನಾಳಿ ನಾದಿನಿ, ನೆಗೆಣ್ಣಿ ಎಲ್ಲಾರಿಗೂ ಕಲಿಸಿದ್ಲಂದ್ರ ನಮ್ಮ ಪಗಡಿ ಹಾಸಿನ ಚಿತ್ರದ ಜಮಖಾನ ಅಲ್ಲೂ ಹುಟ್ಟತಾವ. ಆಮ್ಯಾಲ ನಮ್ಮ ಹಂತೇಕ ಯಾರ ಬರತಾರ?" ಎಂದಳು. ನನ್ನನ್ನು ಹೊರಗಿಟ್ಟ ಮಾತನ್ನು ನನ್ನ ಬಾಯಿಂದಲೇ ಅವಳಿಗೆ ತಿಳಿಸಬೇಕಾಯಿತು. ಬೇಕೆಂತಲೇ ಅರ್ಧ ನುಂಗಿದೆ.

ಹೊಟ್ಟೆಕಿಚ್ಚು ಎನ್ನುತ್ತೀಯಾ? ಅನ್ನು. ಇತ್ತು, ಇದೆ. ಅವಳ ರೊಟ್ಟಿಗೆ ಅಮ್ಮ ತಾನೇ ಬೆಣ್ಣೆ ಹಾಕುತ್ತಿದ್ದಳು, ನನಗೆ "ನೀನ ಹಾಕ್ಕೋ". ಪಿಲಾರಳ ಹತ್ತಿರ ಒಂದು ಕ್ಯಾಸೆಟ್ ರೆಕಾರ್ಡರ್ ಇತ್ತು. ಅಂದಂದು ಕಲಿತದ್ದನ್ನು ಸಂಜೆ ಅದರೊಳಗೆ ತನ್ನ ಭಾಷೆಯಲ್ಲಿ ಹೇಳಿಡುತ್ತಿದ್ದಳು. ನಡುನಡುವೆ "ಜುಲೇಖಾಬಿ" ಎಂದು ಅಮ್ಮನ ಹೆಸರು, ಹಿಂದೆಯೇ ನಗು. ನಮ್ಮದೇ ಪಡಸಾಲೆಯಲ್ಲಿ ನನ್ನ ಅಮ್ಮನ ಬಗ್ಗೆ ನನಗೆ ತಿಳಿಯದ ಮಾತು! ಕಲಿಯುತ್ತೇನೆಂದು ಹಟ ಹಿಡಿದದ್ದು ಅದಕ್ಕೆ. ವಿದ್ಯೆಯ ಆಸೆಯಿಂದಲ್ಲ, ಸುಳ್ಳು ಯಾಕೆ ಹೇಳಲಿ.

ಪಿಲಾರಳೇ ಕಲಿಸಿದಳು, ನಾಲ್ಕು ಮಾತಾಡುವುದು ಬೇಗ ಬಂತು. ಕೇಳಿ ತಿಳಿಯುವುದು ಮಾತ್ರ ಬರಲೊಲ್ಲದು. ಹುಬ್ಬಳ್ಳಿ ಬಸ್ಸು ನಿಲ್ಲಿಸದೆ ಹೋದಂತೆ ಅವಳ ಮಾತು ಮುಂದೆ ಹೋಗಿಬಿಡುತ್ತಿತ್ತು, ನಾನು ಮೊದಲನೇ ಶಬ್ದ ಹಿಡಿದುಕೊಂಡು ಅಲ್ಲೇ ನಿಂತಿರುತ್ತಿದ್ದೆ. ಅವಳ ಕ್ಯಾಸೆಟ್ಟು ಹಾಕಿಕೊಂಡು ನಾನು ಶಬ್ದ ಶಬ್ದಕ್ಕೂ ಯಂತ್ರ ನಿಲ್ಲಿಸುವುದನ್ನು ನೋಡಿ ಪಿಲಾರ ನನ್ನ ಕೈ ಸರಿಸಿದಳು. "ನಿಲ್ಲಿಸಬೇಡ. ತಿಳಿಯದ್ದು ಹೋಗಲಿ. ಕೊನೆಯವರೆಗೆ ಕೇಳಿ, ಯಾವುದರ ಬಗ್ಗೆ ಎಂದಷ್ಟೇ ಹೇಳು. ಆಮೇಲೆ ಓತ್ರಾ ವೆಸ್" ಎಂದಳು. ಓತ್ರಾ ವೆಸ್ ಎಂದರೆ ಇನ್ನೊಮ್ಮೆ. ಹಾಗೇ ಮಾಡಿದೆ. ಮೊದಲು ಕೇಳಿದಾಗ ಕೆಂಪು ನೂಲಿನ ವಿಷಯವೆಂದು ತಿಳಿಯಿತು, ಇನ್ನೊಮ್ಮೆಗೆ ನೂಲು ತಪ್ಪಿ ಹಾಕಿದಳೆಂದು, ಮತ್ತೊಮ್ಮೆಗೆ ಅಮ್ಮ ಬಯ್ದಳೆಂದು. ಬೈಗುಳ ತಿಳಿದ ದಿನ ಒಂದು ರೊಟ್ಟಿ ಹೆಚ್ಚು ಉಂಡೆ! ಆಮೇಲೆ ಜೋಳ ಹಸನು ಮಾಡುತ್ತ, ಕ್ಯಾಸೆಟ್ಟಿನ ದನಿಯ ಹಿಂದೆಯೇ ನಾನೂ ಅದೇ ಮಾತನ್ನು ಸಣ್ಣಗೆ ಅನ್ನುತ್ತ ಹೋದೆ. ಶಬ್ದಗಳು ಎಲ್ಲೆಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂಬುದು ಆಗ ಕಿವಿಗೆ ಹತ್ತಿತು.

ಅಷ್ಟರಲ್ಲಿ ನಾನೇ ಅವರಿಗೆ ಬೇಡವಾದೆ. ಪಿಲಾರ ನಮ್ಮ ಮಾತು ಕಲಿತಳು. ಸಾಲು ತಪ್ಪಿದರೆ ಅಮ್ಮ ನೂಲು ಬಿಚ್ಚಿಸಿ "ಓತ್ರಾ ವೆಸ್, ಬೇಟಿ" ಎನ್ನತೊಡಗಿದಳು. ಬೇಟಿಯಂತೆ, ಮಗಳಂತೆ! ನನಗೆ ಹಾಗೆ ಅಂದದ್ದು ಯಾವ ಕಾಲದಲ್ಲೋ. ಇಬ್ಬರೂ ನಗುತ್ತ ನೇಯುವಾಗ ನಾನು ಚಹಾ ಸೋಸುತ್ತಿದ್ದೆ. ಅವಳ ಕಪ್ಪಿಗೆ ಸಕ್ಕರೆ ಕಡಿಮೆ ಹಾಕಿದ್ದೂ ಉಂಟು. ಅದನ್ನೂ ಅವಳು ಚೆನ್ನಾಗಿದೆ ಎಂದು ಕುಡಿದಳು, ಏನು ಮಾಡುತ್ತೀ.

ಮೊನ್ನೆ ಹೋದಳು. ಪೀಡೆ ತೊಲಗಿತು. ಮುಂದಿನ ತಿಂಗಳು ನನ್ನ ನಿಕಾಹ್, ಅಣ್ಣಿಗೇರಿಯ ಕಿರಾಣಿ ಅಂಗಡಿಯ ನಿಜಾಮಸಾಬರ ಮಗನ ಜೊತೆ. ಹುಡುಗ ಒಳ್ಳೆಯವನೆಂದು ಅಣ್ಣ ಹೇಳುತ್ತಾನೆ. ನೀನು ಮಗುವನ್ನೆತ್ತಿಕೊಂಡು ಬರಲೇಬೇಕು. "ಸಾವಿತ್ರಿ ಬರಲಿಲ್ಲಂದ್ರ ನಾನ ತಂಬೂರಕ್ಕ ಹೋಗಿ ಎಳಕೊಂಡ ಬರ್ತೀನಿ" ಎಂದು ಅಮ್ಮ ಬರೆಯಲು ಹೇಳಿದ್ದಾಳೆ.

ಮಗುವಿಗೆ ಯಾರ ದೃಷ್ಟಿಯೂ ತಾಗದಿರಲಿ. ದೇವರು ನಿಮ್ಮ ಮನೆಯನ್ನು ತಂಪಾಗಿ ಇಟ್ಟಿರಲಿ.

ನಿನ್ನ
ಖೈರೂನ

ತಾ.ಕ.: ಲೇ ಸಾವಿತ್ರಿ, ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಪಿಲಾರಳನ್ನು ಕರೆದೊಯ್ಯಲು ಅವಳ ದೇಶದ ಗೆಳತಿ ಬಂದಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ನಾನು ಅವರ ಸಾಮಾನು ಕಾಯುತ್ತ ನಿಂತಿದ್ದೆ, ಅವರಿಬ್ಬರೂ ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು. ಅಷ್ಟು ವೇಗದ ಮಾತು ನನಗೆ ತಿಳಿಯುವುದಿಲ್ಲವೆಂದು ಪಿಲಾರಳ ನಂಬಿಕೆ. ಅಂದು ಮೊದಲಿನಿಂದ ಕೊನೆಯವರೆಗೆ ಎಲ್ಲ ತಿಳಿಯಿತು. ಅವಳು ಹೇಳಿದ್ದು ಇದು: "ಜುಲೇಖಾಬಿ ನಿನ್ನೆ ನನ್ನ ಮುಂದೆ ಕಣ್ಣೀರು ಹಾಕಿದಳು. ರಿವಾಜು ಜನರ ಬಾಯಿ ಮುಚ್ಚಿಸಲು ಹೇಳುವ ಮಾತು, ಮಗಳೇ ಬಂದು ಬಾಜೂ ಕೂತಿದ್ದರೆ ಯಾವ ತಾಯಿ ಏಳು ಅಂತಾಳೆ, ಒಂದು ದಿನವಾದರೂ ಖೈರೂನ ಕಲಿಸು ಅಂತ ಬಾಯಿ ಬಿಡಲಿಲ್ಲ, ನನ್ನ ಕಸಬು ಅವಳಿಗೆ ಬೇಡವೇನೋ, ಎಂದಳು."

ಬಸ್ಸು ಹತ್ತಿಸಿ ಮನೆಗೆ ಬಂದೆ. ಅಮ್ಮ ಒಬ್ಬಳೇ ಮಗ್ಗದ ಮುಂದೆ ಕೂತಿದ್ದಳು.

"ಹೋದ್ಲೇನ?" ಎಂದಳು.

"ಹೋದ್ಲು."

"ಹೋಗ್ಬೇಕಾದ್ರ ಏನಂದ್ಲು?"

"ಗೆಳತಿ ಜೋಡಿ ತಮ್ಮ ಭಾಷಾದಾಗ ಮಾತಾಡಿದ್ಲು, ಅದು ನನಗೆಲ್ಲಿ ತಿಳೀತದ ಅಮ್ಮಾ" ಎಂದು ಹೇಳಿ, ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತೆ.