ಹುಳ ಕೊರೆದ ದಾರಿ

ಮಾರ್ಚ್ ೧೧, ಮಂಗಳವಾರ

ಆ ಕಲ್ಲು ಪಾಲಿಶ್ ಮಾಡುವವನ ಕೈ ಸೇದಿಹೋಗಲಿ. ಇಷ್ಟನ್ನು ಬರೆಯದೆ ನನಗೆ ನಿದ್ದೆ ಬರುವುದಿಲ್ಲ.

ಕಲ್ಲಾದ ಮರದ ತುಂಡುಗಳು ನನ್ನ ಕಪಾಟಿನಲ್ಲಿ ನಲವತ್ತೊಂದಿವೆ. ಎಲ್ಲವೂ ಹೊಳೆಯುತ್ತವೆ, ಅಂಥವು ಯಾರ ಹತ್ತಿರ ಬೇಕಾದರೂ ಸಿಗುತ್ತವೆ. ಈ ಒಂದನ್ನು ಕೊಂಡದ್ದು ಅಂಚಿನಲ್ಲಿದ್ದ ಸಣ್ಣ ಸುರಂಗಕ್ಕಾಗಿ. ಮರ ಇನ್ನೂ ಮರವಾಗಿದ್ದಾಗ ಯಾವುದೋ ಹುಳ ಕೊರೆದುಕೊಂಡು ಹೋದ ದಾರಿ ಅದು. ಮರದ ಜೊತೆ ಅದೂ ಕಲ್ಲಾಗಿ ಉಳಿದಿತ್ತು. ಪಾಲಿಶ್‌ಗೆ ಕೊಟ್ಟಿದ್ದನ್ನು ಇವತ್ತು ತರಲು ಹೋದರೆ ಆ ಅಂಚೇ ಇಲ್ಲ. ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದಾನೆ.

"ಹುಳ ಕೊರೆದ ದಾರಿ ಎಲ್ಲಿ?" ಎಂದೆ.

"ತೆಗೆದುಬಿಟ್ಟೆ ಸಾರ್. ಹೋದ ಸಲ ಸಾಸಿವೆಯಷ್ಟು ಗುಂಡಿ ಉಳಿದಿದೆ ಅಂತ ಅಷ್ಟು ಜನರ ಮುಂದೆ ಬೈದ್ರಲ್ಲ. ಅದಕ್ಕೇ ಈ ಸಲ ಒಂದೂ ಬಿಟ್ಟಿಲ್ಲ."

ಮುಖದಲ್ಲಿ ನಗುವಿಲ್ಲ, ಭಯವೂ ಇಲ್ಲ. ಇಪ್ಪತ್ತು ವರ್ಷ ಕಲ್ಲು ಉಜ್ಜಿದವನಿಗೆ ಹುಳದ ದಾರಿಗೂ ಗುಂಡಿಗೂ ವ್ಯತ್ಯಾಸ ತಿಳಿಯದೇ? ಬೇಕೆಂದೇ ಮಾಡಿದ್ದಾನೆ.

ಮನೆಗೆ ಬಂದು ಸಿಟ್ಟನ್ನೆಲ್ಲ ಅಕ್ಕನ ಮೇಲೆ ತೀರಿಸಿಕೊಂಡೆ. "ನನ್ನ ಮೇಲೆ ಯಾಕೋ ಹಾರಾಡ್ತೀಯ, ಅವನನ್ನೇ ಕೇಳಬೇಕಿತ್ತು," ಅಂದಳು.

ಅವನ ಅಂಗಡಿಯಲ್ಲೇ ಕೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನು, ನಾನು ಜೊತೆಗೇ ಕೊಟ್ಟಿದ್ದ ಅದೇ ಮರದ ಇನ್ನರ್ಧ ತುಂಡನ್ನು ಎತ್ತಿಕೊಂಡ. ಸುರಂಗದ ಉಳಿದ ಭಾಗ ಅದರಲ್ಲಿದೆ. ಅವನು ಅದನ್ನಿನ್ನೂ ಮುಟ್ಟಿರಲಿಲ್ಲ. ಉಜ್ಜುವ ಚಕ್ರ ತಿರುಗಿಸಿ, ತುಂಡನ್ನು ಅದರ ಹತ್ತಿರ ಹಿಡಿದು ನನ್ನತ್ತ ನೋಡಿದ.

"ಇದರದ್ದೇನು ಮಾಡ್ಲಿ ಸಾರ್, ತೆಗೀಲಾ?"

"ಬೇಡ ಅಣ್ಣ, ಇರಲಿ," ಎಂದೆ.

ಹನ್ನೊಂದು ವರ್ಷದಲ್ಲಿ ಅವನನ್ನು ಅಣ್ಣ ಅಂದದ್ದು ಇದೇ ಮೊದಲು. ಥೂ, ನನ್ನ ಬಾಯಿಗೆ ಹುಳ ಬೀಳಲಿ.